ಪ್ಯಾಕೆಟ್ ಯೀಸ್ಟ್ ಬರಲಿ, ನಮ್ಮ ತೋಟದ ಯೀಸ್ಟನ್ನು ಯಾರು ನೋಡುತ್ತಾರೆ?

ಮಾನ್ಯ ಸಂಪಾದಕರೇ,

ಕಾಫಿ ಹುದುಗಿಸುವುದಕ್ಕೆ ಹೊರದೇಶದಿಂದ ಬರುವ ಪ್ಯಾಕೆಟ್ ಯೀಸ್ಟ್ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿಯಿತು. ಹಣ್ಣಿನ ಸಿಪ್ಪೆಯ ಮೇಲೆ, ತೊಟ್ಟಿಯ ಗೋಡೆಯಲ್ಲಿ, ಹೂವಿನ ಮಕರಂದದಲ್ಲಿ, ಮರದ ತೊಗಟೆಯಲ್ಲಿ ಯಾರೂ ಹಾಕದೆ ತಾನೇ ಬಂದು ಕೂತಿರುವ, ಕಣ್ಣಿಗೆ ಕಾಣದ ಸಣ್ಣ ಜೀವಿ ಕಾಡು ಯೀಸ್ಟ್ ಇದೆಯಲ್ಲ, ಅದರ ಬಗ್ಗೆ ಅಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಬೆಳೆಗಾರ. 7 ಎಕರೆ ಅರೇಬಿಕಾ, ಸ್ವಲ್ಪ ರೊಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ವಿಜ್ಞಾನಿ ಅಲ್ಲ. ಆದರೆ 22 ವರ್ಷದಿಂದ ಪ್ರತಿ ಡಿಸೆಂಬರ್, ಜನವರಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಪಕ್ಕ ನಿಂತು ತೊಟ್ಟಿಗೆ ಕೈ ಹಾಕಿದ್ದೇನೆ, ಈಚೆಗೆ ಎರಡು ವರ್ಷದಿಂದ ಈ ವಿಷಯ ಹಿಡಿದು ಸಿಕ್ಕಿದ್ದೆಲ್ಲ ಓದಿದ್ದೇನೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ಕಾಫಿ ಕುಡಿಯುವವರಿಗೆಲ್ಲ ಈ ತೊಟ್ಟಿಯ ಕೆಲಸ ಗೊತ್ತಿರುವುದಿಲ್ಲ, ಅದಕ್ಕೆ ಮೊದಲು ಅದನ್ನು ಹೇಳುತ್ತೇನೆ. ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆಯುತ್ತೇವೆ. ಬೀಜದ ಮೇಲೆ ಒಂದು ಲೋಳೆ ಉಳಿಯುತ್ತದೆ. ಸಿಹಿ, ಅಂಟಂಟು, ಬರೀ ನೀರಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಗಾಗಿ ಬೀಜವನ್ನು ತೊಟ್ಟಿಯಲ್ಲಿ ಸುಮ್ನೆ ಬಿಡುತ್ತೇವೆ. ಅರೇಬಿಕಾ ಆದರೆ 24ರಿಂದ 36 ಗಂಟೆ, ರೊಬಸ್ಟಾಗೆ ಇನ್ನೂ ಜಾಸ್ತಿ ಹೊತ್ತು ಬೇಕು. ರಾತ್ರಿ ಟಾರ್ಚ್ ಹಿಡಿದು ತೊಟ್ಟಿಯ ಹತ್ತಿರ ಹೋದರೆ ಸಣ್ಣಗೆ ಗುಳ್ಳೆ ಒಡೆಯುವ ಸದ್ದು ಕೇಳುತ್ತದೆ, ಕಳಿತ ಬಾಳೆಹಣ್ಣಿನಂಥ ವಾಸನೆ ಬರುತ್ತದೆ, ಒಳಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಬೀಜವನ್ನು ಅಂಗೈಯಲ್ಲಿ ಉಜ್ಜಿದಾಗ ಜಾರದೆ ಮರಳಿನ ಹಾಗೆ ಗರಗರ ಅಂದರೆ ಲೋಳೆ ಬಿಟ್ಟಿದೆ ಎಂದು ಲೆಕ್ಕ. ಕೆಲವರು ಕೋಲು ಚುಚ್ಚಿ ಎಳೆಯುತ್ತಾರೆ, ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ ತೊಳೆಯುವುದಕ್ಕೆ ಹೊತ್ತಾಯಿತು. ಒಂದೆರಡು ಗಂಟೆ ಮೊದಲು ತೊಳೆದರೆ ಕಣದಲ್ಲಿ ಬೀಜ ಅಂಟುತ್ತದೆ, ತಡ ಮಾಡಿದರೆ ಹುಳಿ ಹಿಡಿದು ನಾರುತ್ತದೆ, ಒಂದು ನಾರುವ ಬೀಜ ಸಾಕು ಒಂದು ಲೋಟ ಕಾಫಿ ಕೆಡಿಸುವುದಕ್ಕೆ.

ಈ ಲೋಳೆ ಕರಗಿಸುವವರು ಯಾರು? ಹಣ್ಣಿನ ಜಾಮ್ ಗಟ್ಟಿಯಾಗುವುದು ಪೆಕ್ಟಿನ್‌ನಿಂದ ಅಲ್ವಾ, ಕಾಫಿ ಲೋಳೆಯಲ್ಲೂ ಅದೇ ಇದೆ. ಅದನ್ನು ಮುರಿಯುವ ಕಿಣ್ವ ಬಿಡುವ ಯೀಸ್ಟ್‌ಗಳು ಹಣ್ಣಿನ ಮೇಲೇ ಇರುತ್ತವೆ, ಜೊತೆಗೆ ಬ್ಯಾಕ್ಟೀರಿಯಾಗಳೂ ಇರುತ್ತವೆ. ಇದನ್ನು ಯಾವುದೋ ದೂರದ ದೇಶದವರು ಬಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎ.ಡಿ. ಅಗಟೆ ಮತ್ತು ಜೆ.ವಿ. ಭಟ್ ರೊಬಸ್ಟಾ ಹಣ್ಣಿನ ಮೇಲಿನ ಯೀಸ್ಟ್‌ಗಳನ್ನು ಬೇರೆ ಮಾಡಿ ಬೆಳೆಸಿ, ಲೋಳೆ ಬಿಡಿಸುವುದರಲ್ಲಿ ಅವುಗಳ ಪಾಲು ಏನು ಎಂದು 1966ರಲ್ಲೇ ಬರೆದು ಪ್ರಕಟಿಸಿದರು. ನಾನು ಹುಟ್ಟುವ ಮೊದಲು! ಅದನ್ನು ಓದಿದ ದಿನ ನನಗೆ ಖುಷಿಯೂ ಆಯಿತು, ಹೊಟ್ಟೆ ಉರಿಯಿತು ಕೂಡ. ಸುಮಾರು 60 ವರ್ಷದ ಹಿಂದೆ ನಮ್ಮ ರಾಜ್ಯದಲ್ಲೇ ಗೊತ್ತಿದ್ದ ಒಂದು ವಿಷಯ ಪಲ್ಪರ್ ಮನೆಯಲ್ಲಿ ನಿಂತ ನನ್ನಂಥವನ ಹತ್ತಿರ ಬರುವ ಹೊತ್ತಿಗೆ ಅದು ಬೇರೆ ದೇಶದ ಲೇಬಲ್ ಹಚ್ಚಿಕೊಂಡ ಪ್ಯಾಕೆಟ್ ಆಗಿತ್ತು.

ಮೂರು ವರ್ಷದ ಹಿಂದೆ ಜನವರಿಯಲ್ಲಿ ಚಳಿ ಜಾಸ್ತಿ ಇತ್ತು. 40 ಗಂಟೆ ಆದರೂ ಲೋಳೆ ಬಿಡಲಿಲ್ಲ, ಇನ್ನೊಂದು ಕಡೆ ಮಾರನೆಯ ದಿನದ ಹಣ್ಣು ಬಂದು ಬಿದ್ದಿದೆ, ತೊಟ್ಟಿ ಖಾಲಿ ಇಲ್ಲ. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ಪಲ್ಪರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, "ಅಣ್ಣ, ಆಚೆ ತೊಟ್ಟಿ ಮೊನ್ನೆ ಚೆನ್ನಾಗಿ ಬಂತಲ್ಲ, ಅದರ ನೀರು ಒಂದು ಬಿಂದಿಗೆ ಎತ್ತಿಟ್ಟಿದ್ದೀನಿ, ಇದಕ್ಕೆ ಸುರಿಯೋಣ, ಮೊಸರಿಗೆ ಹೆಪ್ಪು ಹಾಕಲ್ವಾ ಹಾಗೇ" ಅಂದರು. ಸುರಿದೆವು. ಬೆಳಿಗ್ಗೆ ಹೊತ್ತಿಗೆ ಬೀಜ ಗರಗರ ಅಂತಿತ್ತು. ಅವರಿಗೆ ಯೀಸ್ಟ್ ಅನ್ನುವ ಮಾತೇ ಗೊತ್ತಿರಲಿಲ್ಲ, ಆದರೆ ಅದನ್ನು ಸಾಕುವುದು ಗೊತ್ತಿತ್ತು. ಮಾರನೆಯ ವರ್ಷ ಕಾಫಿ ಕೊಳ್ಳುವವರೊಬ್ಬರು ಹೇಳಿದರು ಎಂದು ಒಂದು ತೊಟ್ಟಿಗೆ ಪ್ಯಾಕೆಟ್ ಯೀಸ್ಟ್ ಹಾಕಿ ನೋಡಿದೆ. ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟಾಗಿ ಆಯಿತು, ಹೇಳಿದ ಹೊತ್ತಿಗೆ ಸರಿಯಾಗಿ ಆಯಿತು, ಕಪ್‌ನಲ್ಲಿ ಹಣ್ಣಿನ ರುಚಿಯೂ ಬಂತು. ಆದರೆ ಅದೇ ಪ್ಯಾಕೆಟ್ ಹಾಕಿದ ಬೇರೆ ಜಿಲ್ಲೆಯ ಗೆಳೆಯರೊಬ್ಬರ ಕಾಫಿ ಪಕ್ಕದಲ್ಲಿಟ್ಟು ಕುಡಿದರೆ ಯಾವುದು ಯಾರದು ಎಂದು ನನಗೇ ಗುರುತು ಹತ್ತಲಿಲ್ಲ. ಬಿಂದಿಗೆ ನೀರು ಹಾಕಿದ ತೊಟ್ಟಿಯ ಕಾಫಿ ಅಷ್ಟು ಹದವಾಗಿ ಇರಲಿಲ್ಲ, ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲಿಲ್ಲ, ಆದರೂ ಅದು ನಮ್ಮ ತೋಟದ್ದು ಎಂದು ನಾಲಿಗೆಗೆ ಗೊತ್ತಾಗುತ್ತಿತ್ತು.

ಇದು ಬರೀ ನನ್ನ ಅಭಿಮಾನದ ಮಾತಲ್ಲ. ಬೇರೆ ಬೇರೆ ದೇಶದ ಕಾಫಿ ಮತ್ತು ಕೋಕೋ ಬೀಜದಿಂದ ಯೀಸ್ಟ್ ತೆಗೆದು ಅವುಗಳ ವಂಶವಾಹಿ ಹೋಲಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ವೈನ್ ಮಾಡುವ ಯೀಸ್ಟ್‌ಗಳು ಪ್ರಪಂಚದ ಎಲ್ಲ ಕಡೆ ಹತ್ತಿರದ ಸಂಬಂಧಿಗಳು, ಏಕೆಂದರೆ ಜನ ದ್ರಾಕ್ಷಿ ಬಳ್ಳಿ, ಪೀಪಾಯಿ ಹೊತ್ತು ಹೋದ ಕಡೆಗೆಲ್ಲ ಅವೂ ಹೋದವು. ಕಾಫಿ, ಕೋಕೋ ಯೀಸ್ಟ್‌ಗಳು ಹಾಗಲ್ಲ. ಜಾತಿ ಒಂದೇ, ನಾವು ಬ್ರೆಡ್ಡಿಗೆ ಹಾಕುವ ಸ್ಯಾಕರೋಮೈಸಿಸ್ ಸೆರೆವಿಸಿಯೇ ಜಾತಿಯೇ, ಆದರೆ ಒಂದೊಂದು ನಾಡಿನದು ಒಂದೊಂದು ಬಳಗ. ಅಂದರೆ ಯೀಸ್ಟ್‌ಗೂ ಊರು ಇದೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗಿನ ಅರೇಬಿಕಾಗಳಿಗೆ ಇದು ಇಂಥ ಊರಿನದೇ ಎಂದು ಗುರುತಿಸುವ ಜಿಐ ಟ್ಯಾಗ್ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಮಣ್ಣು, ಎತ್ತರ, ಮಳೆ, ನೆರಳು ಎಲ್ಲ ಸೇರಿ ಆ ರುಚಿ ಬರುತ್ತದೆ ಅನ್ನುತ್ತೇವೆ. ಒಪ್ಪುತ್ತೇನೆ. ಹಾಗಾದರೆ ತೊಟ್ಟಿಯಲ್ಲಿ ಒಂದೂವರೆ ದಿನ ದುಡಿಯುವ ಜೀವ ಮಾತ್ರ ಇನ್ನೊಂದು ಖಂಡದ್ದಾದರೂ ನಡೆಯುತ್ತದಾ?

ರುಚಿ ಒಂದೇ ಅಲ್ಲ, ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು, ದೇಶದಲ್ಲಿ ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಅದರಲ್ಲೂ ಯುರೋಪಿಗೆ. ಈಗ ಡಿಸೆಂಬರ್, ಜನವರಿಯಲ್ಲೂ ಮಳೆ ಬರುತ್ತಿದೆ. ಕಣದಲ್ಲಿ ಹರಡಿದ ಚೆರಿ (ಸಿಪ್ಪೆ ತೆಗೆಯದೆ ಒಣಗಿಸುವ ಕಾಫಿ ಹಣ್ಣು) ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಆಕ್ರಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ಮೂತ್ರಪಿಂಡಕ್ಕೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿನವರು ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಮ್‌ನಿಂದ 3ಕ್ಕೆ ಇಳಿಸಿದ್ದಾರೆ, 2023ರ ಜನವರಿಯಿಂದ ಅದು ಜಾರಿಯಲ್ಲಿದೆ. ಇಲ್ಲೂ ಕಾಡು ಯೀಸ್ಟ್ ಮಾತು ಬರುತ್ತದೆ. ಪೂರ್ವ ಆಫ್ರಿಕಾದ ಅರೇಬಿಕಾ ತೊಟ್ಟಿಗಳಿಂದಲೇ ತೆಗೆದ ಪಿಕಿಯಾ ಅನಾಮಲಾ, ಪಿಕಿಯಾ ಕ್ಲುಯ್ವೆರಿ, ಹ್ಯಾನ್ಸೆನಿಯಾಸ್ಪೊರಾ ಯುವೇರಮ್ ಎಂಬ ಮೂರು ಯೀಸ್ಟ್‌ಗಳು ಈ ಬೂಸ್ಟಿನ ಬೆಳವಣಿಗೆಯನ್ನೂ ಅದು ಬಿಡುವ ವಿಷವನ್ನೂ ತಗ್ಗಿಸುತ್ತವೆ ಎಂದು ಪ್ರಯೋಗ ಮಾಡಿ ತೋರಿಸಿದ್ದಾರೆ. ಲ್ಯಾಬಿನಲ್ಲಿ ಆದದ್ದೆಲ್ಲ ಕಣದಲ್ಲಿ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿನ ತೊಟ್ಟಿಯಲ್ಲಿ ಇರುವಂಥದ್ದು ನಮ್ಮ ತೊಟ್ಟಿಯಲ್ಲೂ ಇದೆಯಾ ಎಂದು ಹುಡುಕುವುದು ಬೇಡವೇ?

ಕಾಫಿಯ ಆಚೆಗೂ ನೋಡಿ. ವಿಜಯಪುರದ ದ್ರಾಕ್ಷಿ, ಶ್ರೀನಿವಾಸಪುರದ ಮಾವು, ಕೊಡಗಿನ ಕಿತ್ತಳೆ, ಎಲ್ಲರದೂ ಒಂದೇ ಗೋಳು, ಹಣ್ಣು ಗಿಡದಲ್ಲಿ ಚೆನ್ನಾಗಿರುತ್ತದೆ, ಪೆಟ್ಟಿಗೆಗೆ ಹಾಕಿ ನಾಲ್ಕು ದಿನಕ್ಕೆ ಕೊಳೆ ಶುರು. ಅದಕ್ಕೆ ಔಷಧಿ ಹೊಡೆಯುತ್ತೇವೆ, ಆಮೇಲೆ ಅದರ ಉಳಿಕೆ ಜಾಸ್ತಿ ಆಯಿತೆಂದು ಮಾಲು ವಾಪಸ್. ಹಣ್ಣಿನ ಸಿಪ್ಪೆಯ ಮೇಲೆ ಮೊದಲೇ ಇರುವ ಯೀಸ್ಟನ್ನೇ ಹೆಚ್ಚು ಮಾಡಿ ಸಿಂಪಡಿಸಿದರೆ ಕೊಳೆ ತರುವ ಶಿಲೀಂಧ್ರಕ್ಕೆ ಜಾಗ ಸಿಗುವುದಿಲ್ಲ ಎಂದು ಇಸ್ರೇಲಿನಲ್ಲಿ ಕಂಡುಕೊಂಡರು. ದ್ರಾಕ್ಷಿಯಿಂದ ತೆಗೆದ ಮೆಟ್ಸ್‌ನಿಕೋವಿಯಾ ಫ್ರಕ್ಟಿಕೋಲಾ ಎಂಬ ಯೀಸ್ಟ್ ಅಲ್ಲಿ ಮಾರಾಟಕ್ಕೇ ಬಂತು. ಬೆಲ್ಜಿಯಂನಲ್ಲಿ ಸೇಬಿನ ಮೇಲಿಂದ ಇನ್ನೊಂದನ್ನು ತೆಗೆದರು. ಇವು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟವಾಯಿತು. ಬಸ್ಸಿನಲ್ಲಿ ಮೊದಲು ಹತ್ತಿ ಸೀಟೆಲ್ಲ ಹಿಡಿದ ಹಾಗೆ, ಗಾಯವಾದ ಜಾಗದಲ್ಲಿ ಜಿನುಗುವ ಸಕ್ಕರೆಯನ್ನೆಲ್ಲ ತಿಂದು ತಾವೇ ತುಂಬಿಕೊಳ್ಳುತ್ತವೆ. ಮೆಟ್ಸ್‌ನಿಕೋವಿಯಾ ಬಳಗದ ಕೆಲವು ಒಂದು ಕೆಂಪು ವಸ್ತು ತಯಾರಿಸಿ ಸುತ್ತಲಿನ ಕಬ್ಬಿಣದ ಅಂಶವನ್ನೇ ಕಟ್ಟಿಹಾಕುತ್ತವೆ, ಕಬ್ಬಿಣ ಇಲ್ಲದೆ ಶಿಲೀಂಧ್ರ ಬೆಳೆಯುವುದಿಲ್ಲ. ಬೇರೆ ಕೆಲವು ಯೀಸ್ಟ್‌ಗಳು ಶಿಲೀಂಧ್ರದ ಗೋಡೆಯನ್ನೇ ಕರಗಿಸುತ್ತವೆ. ವಿಷ ಹೊಡೆದು ಕೊಲ್ಲುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಇವೆಲ್ಲ ಒಂದು ಹಣ್ಣಿನಿಂದ ಇನ್ನೊಂದಕ್ಕೆ ಹೋಗುವುದು ಗಾಳಿಯಲ್ಲಿ ಅಷ್ಟಾಗಿ ಅಲ್ಲ, ಹುಳದ ಮೈಮೇಲೆ, ಹುಳದ ಹೊಟ್ಟೆಯಲ್ಲಿ. ಇಟಲಿಯಲ್ಲಿ ಕಣಜದ ಹುಳಗಳ ಹೊಟ್ಟೆ ನೋಡಿದರೆ ದ್ರಾಕ್ಷಿ ಕಾಲ ಮುಗಿದ ಮೇಲೂ ಚಳಿಗಾಲ ಪೂರ್ತಿ ಯೀಸ್ಟ್ ಅಲ್ಲೇ ಬದುಕಿರುತ್ತದೆ, ತಾಯಿ ಹುಳ ಮರಿಗಳಿಗೆ ತಿನ್ನಿಸುವಾಗ ಅದು ಮುಂದಿನ ಪೀಳಿಗೆಗೂ ದಾಟುತ್ತದೆ ಎಂದು 2012ರಲ್ಲಿ ತೋರಿಸಿದರು. ನಮ್ಮಲ್ಲಿ ಹೂಮಳೆ ಬಿದ್ದು ಕಾಫಿ ಹೂ ಅರಳಿದ ದಿನ ಹೆಜ್ಜೇನು, ತುಡುವೆ ಜೇನು ಹೂವಿಂದ ಹೂವಿಗೆ ಹಾರುವುದನ್ನು ನೋಡುವಾಗ ಈಗೀಗ ನನಗೆ ಇದೇ ನೆನಪಾಗುತ್ತದೆ. ಹಾಗಾಗಿ ಅತ್ತಿ, ಹಲಸು, ನೇರಳೆ ಕಡಿದು ತೋಟದ ತುಂಬ ಸಿಲ್ವರ್ ಓಕ್ ನೆಟ್ಟರೆ ಕಳೆದುಕೊಳ್ಳುವುದು ನೆರಳು, ಹಕ್ಕಿ ಮಾತ್ರ ಅಲ್ಲ. ಆ ಹಣ್ಣು ಇಲ್ಲ ಅಂದರೆ ಅದನ್ನು ತಿನ್ನುವ ಹುಳ ಇಲ್ಲ, ಹುಳ ಇಲ್ಲ ಅಂದರೆ ಅದು ಹೊತ್ತು ತರುವ ಯೀಸ್ಟೂ ಇಲ್ಲ. ನಾನೂ ಒಂದು ಕಾಲದಲ್ಲಿ ಎರಡು ಅತ್ತಿ ಮರ ಕಡಿಸಿದ್ದೇನೆ, ಈಗ ಬೇಜಾರಾಗುತ್ತದೆ.

ನಮ್ಮ ಹೆಂಗಸರಿಗೆ ಇದು ಹೊಸದೇನಲ್ಲ. ಇಡ್ಲಿ ಹಿಟ್ಟು ಉಬ್ಬುವುದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ, ಯೀಸ್ಟ್ ಜೊತೆಗೆ ಸೇರಿಕೊಳ್ಳುತ್ತದೆ. ಮಂಗಳೂರು ಕಡೆ ಕ್ರೈಸ್ತರ ಮನೆಯಲ್ಲಿ ಇಡ್ಲಿಯಂಥ ಸನ್ನಾಸ್ ಮಾಡುವುದಕ್ಕೆ ಹಿಟ್ಟಿಗೆ ಶೇಂದಿ ಹಾಕುತ್ತಿದ್ದರು, ಅದು ಕಾಡು ಯೀಸ್ಟ್ ತುಂಬಿದ ಹೆಪ್ಪೇ. ತೆಂಗಿನ ಮರದಿಂದ ಇಳಿಸಿದ ನೀರಾ ತಣ್ಣಗೆ ಇಡದಿದ್ದರೆ ಮಧ್ಯಾಹ್ನದೊಳಗೆ ಹುಳಿ ಬಂದು ಶೇಂದಿ ಆಗುತ್ತದೆ, ಯಾರೂ ಏನೂ ಬೆರೆಸದೆ.

ಈಗ ಔಷಧಿ ವಿಷಯಕ್ಕೆ ಬರುತ್ತೇನೆ. ಕಾಡು ಯೀಸ್ಟ್ ಅಂದರೆ ಏನೋ ಹಳ್ಳಿ ವಿಷಯ ಎಂದುಕೊಳ್ಳುವವರು ಇದನ್ನು ಗಮನಿಸಿ ಓದಬೇಕು. ಸುಮಾರು 100 ವರ್ಷದ ಹಿಂದೆ ಫ್ರಾನ್ಸಿನಲ್ಲಿ ಗಿಯರ್ಮೊಂ ಎಂಬ ವಿಜ್ಞಾನಿ ಒಂದು ಚೆಸ್ಟ್‌ನಟ್ ಮರದ ರಸದಿಂದ ಒಂದು ಯೀಸ್ಟ್ ತೆಗೆದರು. ಆಮೇಲೆ ಹರ್ಮನ್ ಫಾಫ್ ಎಂಬುವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳ ಗಾಯದಿಂದ ಸೋರುವ ರಸದಲ್ಲಿ ಅಂಥವನ್ನೇ ಕಂಡರು. ಮರದ ಗಾಯದಿಂದ ಸೋರುವ ಅಂಟನ್ನು ನಾವು ತಿರುಗಿಯೂ ನೋಡುವುದಿಲ್ಲ, ಅವರು ಸೀಸೆಯಲ್ಲಿ ಎತ್ತಿಟ್ಟರು, ಅದೇ ವ್ಯತ್ಯಾಸ. ಆ ಯೀಸ್ಟ್ ಮೆಥನಾಲ್ ತಿಂದು ಬದುಕುತ್ತದೆ ಎಂದು ಗೊತ್ತಾದ ಮೇಲೆ ಒಂದು ತೈಲ ಕಂಪನಿ ಅದರಿಂದ ದನಕರುಗಳ ಮೇವು ಮಾಡುವುದಕ್ಕೆ ಹೊರಟಿತು, 1970ರ ದಶಕದಲ್ಲಿ ತೈಲದ ಬೆಲೆ ಏರಿ ಅದು ನಿಂತಿತು. ಆದರೆ ಯೀಸ್ಟ್ ನಿಲ್ಲಲಿಲ್ಲ. ನಮಗೆ ಬೇಕಾದ ಪ್ರೋಟೀನಿನ ವಂಶವಾಹಿಯನ್ನು ಅದರೊಳಗೆ ಸೇರಿಸಿದರೆ ಆ ಪ್ರೋಟೀನನ್ನು ಮಾಡಿ ಹೊರಗೆ ಬಿಡುತ್ತದೆ ಎಂದು ಕಂಡುಕೊಂಡರು. ಪಿಕಿಯಾ ಪಾಸ್ಟೋರಿಸ್ ಎಂದು ಅದರ ಹೆಸರು, ಈಗ ಫಾಫ್ ಅವರ ನೆನಪಿಗೆ ಕೊಮಗಟೆಲ್ಲಾ ಫಾಫಿ ಎನ್ನುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಈ ಯೀಸ್ಟ್‌ನಿಂದಲೇ ಮಾಡಿದ್ದು. ಕೊರೋನಾ ಕಾಲದಲ್ಲಿ ಹೈದರಾಬಾದಿನಲ್ಲಿ ತಯಾರಾದ, ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕೊಟ್ಟ ಕಾರ್ಬೆವ್ಯಾಕ್ಸ್ ಲಸಿಕೆಯ ಪ್ರೋಟೀನೂ ಈ ಯೀಸ್ಟ್‌ನದೇ. ನಮ್ಮಮ್ಮ 9 ವರ್ಷದಿಂದ ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ಮರದ ಅಂಟಿನಿಂದ ಶುರುವಾಗಿ ಈ ಸೂಜಿವರೆಗೆ ಬಂದ ದಾರಿಯನ್ನು ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ನಮ್ಮ ಮರಗಳಲ್ಲಿ ಯಾರಾದರೂ ನೋಡಿದ್ದಾರಾ ಮಗಾ?"

ಅದೇ ನನ್ನ ಪ್ರಶ್ನೆ. ಪಶ್ಚಿಮ ಘಟ್ಟದ ಮರಗಳು, ದೇವರ ಕಾಡುಗಳು, ಹಣ್ಣು, ಹೂ, ಮರ ಕೊರೆಯುವ ಹುಳದ ಹೊಟ್ಟೆ, ಎಲ್ಲ ಕಡೆ ನೋಡಬೇಕು. ಮರ ತಿನ್ನುವ ದುಂಬಿಗಳ ಹೊಟ್ಟೆಯಲ್ಲಿ ಸಿಕ್ಕ ಯೀಸ್ಟ್‌ಗಳು ಸಾಮಾನ್ಯ ಯೀಸ್ಟ್‌ಗೆ ಬಾರದ ಕೆಲಸವೊಂದನ್ನು ಮಾಡುತ್ತವೆ, ಹುಲ್ಲು, ಸಿಬರಿನಲ್ಲಿರುವ ಝೈಲೋಸ್ ಎಂಬ ಸಕ್ಕರೆಯನ್ನೂ ಎಥನಾಲ್ ಮಾಡುತ್ತವೆ. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಮಾತು ಬಂದಾಗ ಇಂಥದ್ದು ಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕಾಡಿನದು ಅಂದ ಮಾತ್ರಕ್ಕೆ ಒಳ್ಳೆಯದು ಎಂದೇನಿಲ್ಲ. ಯೀಸ್ಟ್‌ಗಳಲ್ಲಿ ಮನುಷ್ಯರಿಗೆ ಕಾಯಿಲೆ ತರುವವೂ ಇವೆ, ಕಾಫಿ ಕೆಡಿಸುವವೂ ಇವೆ. ನನ್ನ ಬಿಂದಿಗೆ ನೀರಿನಲ್ಲಿ ಏನೇನಿತ್ತೋ ನನಗೆ ಗೊತ್ತಿಲ್ಲ, ಒಂದು ವರ್ಷ ಹಾಗೇ ಮಾಡಲು ಹೋಗಿ ಹುಳಿ ಹಿಡಿದು 3 ಮೂಟೆ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ ಬೀಜ) ಕಡಿಮೆ ಬೆಲೆಗೆ ಕೊಟ್ಟಿದ್ದೇನೆ. ಈಗ ಯೂಟ್ಯೂಬ್ ನೋಡಿ ಬೆಲ್ಲ, ಕೊಳೆತ ಹಣ್ಣು ಕಲಸಿ ಡ್ರಮ್ಮಿನಲ್ಲಿ ಕೊಳೆಸಿ ಎಲ್ಲದಕ್ಕೂ ಸುರಿಯುವವರು ಜಾಸ್ತಿಯಾಗಿದ್ದಾರೆ, ಅವರ ಉತ್ಸಾಹ ಒಳ್ಳೆಯದೇ, ಆದರೆ ತಿನ್ನುವ ಹಣ್ಣಿನ ಮೇಲೆ ಗುರುತಿಲ್ಲದ್ದನ್ನು ಹೊಡೆಯಬೇಡಿ. ಬೇರೆ ಮಾಡಿ, ಹೆಸರು ಹಚ್ಚಿ, ಪರೀಕ್ಷೆ ಮಾಡಿ ಕೊಡುವ ಕೆಲಸ ಲ್ಯಾಬಿನವರದು. ಅದಕ್ಕೇ ಅವರನ್ನು ಕೇಳುತ್ತಿರುವುದು.

ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಮೈಸೂರಿನಲ್ಲಿ ಆಹಾರ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಸ್ಥೆ ಇದೆ, ಕೃಷಿ ವಿಶ್ವವಿದ್ಯಾಲಯಗಳಿವೆ. ಇಷ್ಟೆಲ್ಲ ಒಂದೇ ರಾಜ್ಯದಲ್ಲಿ ಇರುವಾಗ ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಂದೆರಡು ಕೊಯ್ಲಿನ ಕಾಲದಲ್ಲಿ ಸಣ್ಣ, ದೊಡ್ಡ ತೋಟಗಳಿಗೆ ಬಂದು ಹಣ್ಣಿನಿಂದ, ತೊಟ್ಟಿಯಿಂದ ಮಾದರಿ ತೆಗೆದುಕೊಂಡು ಹೋಗಿ. ಯಾವ ಊರಿನಲ್ಲಿ ಯಾವ ಯೀಸ್ಟ್ ಇದೆ ಎಂದು ಬರೆದಿಡಿ. ಚಂಡೀಗಢ, ಪುಣೆಯಲ್ಲಿ ಸೂಕ್ಷ್ಮಜೀವಿಗಳನ್ನು ಕಾಪಿಡುವ ರಾಷ್ಟ್ರೀಯ ಸಂಗ್ರಹಗಳಿವೆ, ಅಲ್ಲಿ ಒಂದು ಪ್ರತಿ ಇಡಿ, ಇನ್ನೊಂದು ಇಲ್ಲೇ ಇರಲಿ. ಅದರಲ್ಲಿ ಒಳ್ಳೆಯವನ್ನು ಆರಿಸಿ, ಗಿಡದ ರೋಗ ತಡೆಯುವ ಟ್ರೈಕೋಡರ್ಮಾ, ಸ್ಯೂಡೋಮೋನಾಸ್ ಎಂಬ ಸೂಕ್ಷ್ಮಜೀವಿಗಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗುವ ಹಾಗೆ ಸಣ್ಣ ಬೆಳೆಗಾರನಿಗೂ ಕೈಗೆಟುಕುವ ಬೆಲೆಗೆ ಕೊಡಿ. ಸಂಶೋಧನೆ ಮಾಡಿಯೇ ಇದ್ದೇವೆ ಅನ್ನುವವರಿದ್ದರೆ ನನಗೆ ಬಹಳ ಸಂತೋಷ, ಆದರೆ ಅದು ಕನ್ನಡದಲ್ಲಿ ಎರಡು ಪುಟದ ಕರಪತ್ರವಾಗಿ ನಮ್ಮ ಕಣಕ್ಕೆ ಬರಲಿ.

ಇನ್ನೊಂದು, ಪಂಚಾಯಿತಿ ವಿಷಯ. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಜೈವಿಕ ಸಂಪನ್ಮೂಲ ಅಂದರೆ ಗಿಡ, ಪ್ರಾಣಿ ಮಾತ್ರ ಅಲ್ಲ, ಸೂಕ್ಷ್ಮಜೀವಿಗಳೂ ಸೇರುತ್ತವೆ. ಊರಿನ ಜೀವವೈವಿಧ್ಯ ದಾಖಲೆ ಬರೆಯುವುದಕ್ಕೆ ಪಂಚಾಯಿತಿಯಲ್ಲಿ ಸಮಿತಿ ಇರಬೇಕು, ನಮ್ಮಲ್ಲೂ ಇದೆ. ಆ ಪುಸ್ತಕ ಕೇಳಿ ತೆಗೆಸಿ ನೋಡಿದೆ. ಮರ, ಹಕ್ಕಿ, ಮೀನು, ನಾಟಿ ಭತ್ತದ ಹೆಸರೆಲ್ಲ ಇವೆ. ಶೇಂದಿ ಮಡಕೆಯನ್ನು ಯಾಕೆ ತೊಳೆಯದೆ ಮತ್ತೆ ಕಟ್ಟುತ್ತಾರೆ, ಯಾವ ತೋಟದ ತೊಟ್ಟಿಯಲ್ಲಿ ಚಳಿಯಲ್ಲೂ ಬೇಗ ಲೋಳೆ ಬಿಡುತ್ತದೆ, ಹೆಪ್ಪು ನೀರು ಹೇಗೆ ಎತ್ತಿಡುತ್ತಾರೆ, ಇದು ಒಂದೂ ಇಲ್ಲ. ಇವೂ ಯೀಸ್ಟ್ ಬಗ್ಗೆ ಜನರಿಗೆ ಗೊತ್ತಿರುವ ವಿಷಯವೇ. ನಾಳೆ ನಮ್ಮ ಮರದ ಒಂದು ಯೀಸ್ಟ್‌ನಿಂದ ಯಾರೋ ಔಷಧಿ ಮಾಡಿ ಲಾಭ ಮಾಡಿದರೆ ಅದರಲ್ಲಿ ಊರಿಗೂ ಪಾಲು ಕೇಳುವುದಕ್ಕೆ ಕಾನೂನು ಇದೆ, ಆದರೆ ದಾಖಲೆಯೇ ಇಲ್ಲದಿದ್ದರೆ ಏನೆಂದು ಕೇಳುವುದು? ಅಂದು ಬಿಂದಿಗೆ ನೀರು ಎತ್ತಿಟ್ಟ ನಮ್ಮ ಹಿರಿಯರು ಹೋದ ವರ್ಷ ತೀರಿಕೊಂಡರು. ಅವರು ಯಾವ ತೊಟ್ಟಿ, ಎಷ್ಟು ಹೊತ್ತಿನ ನೀರು ಆರಿಸುತ್ತಿದ್ದರು ಎಂದು ನಾನೇ ಸರಿಯಾಗಿ ಕೇಳಿ ಬರೆದುಕೊಳ್ಳಲಿಲ್ಲ.

ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಕೊನೆಗೆ ಶುರುವಾಗುತ್ತದೆ, ಜನವರಿ ಪೂರ್ತಿ ತೊಟ್ಟಿ ತುಂಬಿರುತ್ತದೆ. ಯಾವ ಸಂಸ್ಥೆಯವರಾದರೂ ಸರಿ, ಸೀಸೆ ಹಿಡಿದು ಬಂದರೆ ಹಣ್ಣಿನಿಂದ, ತೊಟ್ಟಿಯಿಂದ, ಉಳಿದಿರುವ ಒಂದು ಅತ್ತಿ ಮರದಿಂದ ಎಷ್ಟು ಬೇಕೋ ತೆಗೆದುಕೊಂಡು ಹೋಗಬಹುದು. ನನ್ನ ಫೋನ್ ನಂಬರ್ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ಕೇಳಿದವರಿಗೆ ಕೊಡಿ. ರಾತ್ರಿ ತೊಟ್ಟಿಯ ಹತ್ತಿರ ಕೂತು ನೋಡಬೇಕು ಅನ್ನುವವರಿಗೆ ಮನೆಯಲ್ಲಿ ಊಟ, ಮಲಗುವುದಕ್ಕೆ ಜಾಗ ಎರಡೂ ಇದೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ